ಮಲ್ಲಯ್ಯನ ಹಿಂದೆ ಹೊರಟ ನಾಯಿ

‘ನಾಯಿ’ ಎಂಬುದು ನಮ್ಮ ಆಡುಮಾತಿನಲ್ಲಿ ಬೈಗುಳ. ಆದರೆ ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಮಂಗಸೂಳಿಗೆ ನಡೆದುಕೊಳ್ಳುವ ಭಕ್ತರಿಗೆ ದೇವರ ನಾಯಿ ಎನಿಸಿಕೊಳ್ಳುವುದು ಅವಮಾನವಲ್ಲ. ಇಲ್ಲಿನ ಮಲ್ಲಯ್ಯ ಮರಾಠಿಗರಿಗೆ ಖಂಡೋಬಾ, ಕನ್ನಡಿಗರಿಗೆ ಮೈಲಾರಲಿಂಗ. ಗಡಿಯ ಎರಡೂ ಕಡೆಯ ಅನೇಕ ಮನೆತನಗಳಿಗೆ ಕುಲದೈವ. ಖಡ್ಗ ಹಿಡಿದು ಕುದುರೆ ಏರಿ ಹೊರಟ ಈ ದೇವರ ಪಟವನ್ನು ನೋಡಿದವರಿಗೆ ಕುದುರೆಯ ಕಾಲ ಬಳಿ ಓಡುವ ನಾಯಿಯೂ ನೆನಪಿರುತ್ತದೆ.

ಈ ನಾಯಿ ಬಂದದ್ದಾದರೂ ಎಲ್ಲಿಂದ? ಪುರಾಣದ ಉತ್ತರ ಸರಳ. ಮಣಿ ಮತ್ತು ಮಲ್ಲ ಎಂಬ ದೈತ್ಯರನ್ನು ಕೊಲ್ಲಲು ಶಿವನು ಮಾರ್ತಾಂಡ ಭೈರವನಾಗಿ ಬಂದನು. ಭೈರವನ ವಾಹನವೇ ನಾಯಿ. ಜನಪದರ ಉತ್ತರ ಬೇರೆ. ಅವರ ಮೈಲಾರನಿಗೆ ಗಂಗಿಮಾಳವ್ವನ ಜೊತೆಗೆ ಕುರುಬತ್ತೆವ್ವ ಎಂಬ ಇನ್ನೊಬ್ಬ ಹೆಂಡತಿಯೂ ಉಂಟು. ಮರಾಠಿಯಲ್ಲಿ ಈಕೆ ಧನಗರರ ಮಗಳು ಬಾಣಾಯಿ. ಕುರಿಗಾರರ ಅಳಿಯನಾದ, ಬೇಟೆಗೆ ಹೋಗುವ ದೇವರಿಗೆ ನಾಯಿ ಇಲ್ಲದೆ ನಡೆಯುವುದಾದರೂ ಹೇಗೆ?

ಮೈಲಾರನ ಭಕ್ತರಾದ ಗೊರವಯ್ಯ, ವಗ್ಗಯ್ಯರು ಈ ಸಂಬಂಧವನ್ನು ಮೈಮೇಲೆ ತಂದುಕೊಳ್ಳುತ್ತಾರೆ. ನಾಯಿಯಂತೆ ಬೊಗಳುತ್ತಾರೆ, ದೋಣಿ ಎಂಬ ಪಾತ್ರೆಗೆ ಹಾಕಿದ ಹಾಲು, ಬಾಳೆಹಣ್ಣುಗಳಿಗೆ ಬಾಯಿ ಹಾಕಿ ತಿನ್ನುತ್ತಾರೆ. ಒಡೆಯನ ಬಾಗಿಲು ಬಿಟ್ಟು ಹೋಗದ ನಿಷ್ಠೆಯೇ ಇದರ ಅರ್ಥ. ಈ ಸಂಪ್ರದಾಯಕ್ಕೆ ಕಹಿಯಾದ ಮುಖವೂ ಇತ್ತು. ಹರಕೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಖಂಡೋಬಾನಿಗೆ ‘ಮುರಳಿ’ಯರಾಗಿ ಬಿಡುತ್ತಿದ್ದರು. ದೇವರ ಹೆಸರಿನ ಇಂಥ ಸಮರ್ಪಣೆಯನ್ನು ಕರ್ನಾಟಕವು 1982ರ ಕಾಯ್ದೆಯಿಂದ ನಿಷೇಧಿಸಿತು.

ಕನ್ನಡ ನಾಡಿನಲ್ಲಿ ನಾಯಿಗೆ ಸಂದ ಗೌರವ ಹಳೆಯದು. ಕ್ರಿ.ಶ. 949-50ರ ಆತಕೂರು ಶಾಸನದ ಮಣಲೇರನು ತಕ್ಕೋಲದ ಯುದ್ಧದ ಶೌರ್ಯಕ್ಕೆ ಗಂಗ ಬೂತುಗನಿಂದ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿದರು. ಅದನ್ನು ಪೂಜಿಸದೆ ಉಂಡರೆ ದೇವಾಲಯದ ಗೊರವನಿಗೆ ಪಾಪ ತಟ್ಟುವುದೆಂದು ಬರೆಸಿದರು. ಅಲ್ಲಿ ಗೊರವನೆಂದರೆ ಶೈವ ಅರ್ಚಕ. ಮುಂದೆ ಆ ಹೆಸರು ಮೈಲಾರನ ಭಕ್ತರಿಗೂ ನಿಂತಿತು.

ಬೇಟೆನಾಯಿಯ ಪರಂಪರೆ ಮಂಗಸೂಳಿಗೆ ದೂರದ್ದಲ್ಲ. ಆಗ್ನೇಯಕ್ಕಿರುವ ಮುಧೋಳದ ಘೋರ್ಪಡೆ ಅರಸರು ಸಾಕಿ ಬೆಳೆಸಿದ ತಳಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಬೇಟೆ ಮಾತ್ರ 1972ರ ವನ್ಯಜೀವಿ ಕಾಯ್ದೆಯ ನಂತರ ದೇವರ ಕಥೆಗಳಲ್ಲಷ್ಟೇ ಉಳಿಯಬೇಕಾಯಿತು.

ನಾಯಿಗೆ ಉಳಿದ ಕೆಲಸ ಕುರಿಹಿಂಡಿನದು. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಾಘ ಮಾಸದಲ್ಲಿ ಕುರಿಗಾರರು ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ. ನಿಪ್ಪಾಣಿ ಬಳಿಯ ಅಪ್ಪಾಚಿವಾಡಿಯ ಹಾಲಸಿದ್ಧನಾಥನೂ ಅವರು ನಂಬಿದ ದೈವ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ಮಲಗಿಸಿದರೆ ರೈತನಿಗೆ ಗೊಬ್ಬರ, ಕುರಿಗಾರನಿಗೆ ಕಾಳುಕಡಿ. ತೋಳ ಬಾರದಂತೆ ಕಾಯುವುದು ನಾಯಿಯ ಪಾಲು.

ಆದರೆ ಕೃಷ್ಣೆ, ದೂಧಗಂಗೆಯರ ನೀರು ಹರಿದಲ್ಲೆಲ್ಲ ಚಿಕ್ಕೋಡಿ, ಅಥಣಿ, ರಾಯಬಾಗಗಳ ಹೊಲಗಳಲ್ಲಿ ಕಬ್ಬು ನಿಂತಿದೆ. ಕಬ್ಬು ವರ್ಷವಿಡೀ ನಿಲ್ಲುವ ಬೆಳೆ. ಕುರಿ ಮೇಯಲು ಹೊಲ ಬರಿದಾಗುವುದೇ ಇಲ್ಲ. ರೈತನಿಗೆ ಅದು ಬದುಕು, ತಪ್ಪೆನ್ನಲಾಗದು. ಆದರೆ ಹಿಂಡು ಕರಗಿದರೆ ಅದರ ಹಿಂದಿನ ನಾಯಿಗೂ ಕೆಲಸವಿಲ್ಲ. ಕೆಲಸ ಕಳೆದುಕೊಂಡ ನಾಯಿ ಪೇಟೆಯಲ್ಲಿ ಬರೀ ಬೀದಿನಾಯಿ. ಭಂಡಾರ ಹಚ್ಚಿಕೊಂಡು ಮಲ್ಲಯ್ಯನ ಪಟಕ್ಕೆ ಕೈ ಮುಗಿಯುವವರು, ಆ ಪಟದಲ್ಲಿ ಕುದುರೆಯ ಜೊತೆ ಓಡುತ್ತಿರುವುದು ಯಾರೆಂದು ಒಮ್ಮೆ ನೋಡಿದರೆ ಸಾಕು.