ಪ್ರೇಕ್ಷಕನಿಗೂ ಒಂದಿಷ್ಟು ಮರೆವು

‘ಚಿತ್ರ ಚೆನ್ನಾಗಿದೆ, ಆದರೆ ಅರ್ಥವಾಗಲಿಲ್ಲ’ ಎಂಬ ಮಾತನ್ನು ನಮ್ಮ ಪ್ರೇಕ್ಷಕರು ಸಾಮಾನ್ಯವಾಗಿ ಕಲಾತ್ಮಕ ಚಿತ್ರಗಳಿಗೆ ಮೀಸಲಿಟ್ಟಿರುತ್ತಾರೆ. ಕೊಲೆ, ಸೇಡು, ಪಿಸ್ತೂಲುಗಳಿರುವ ಥ್ರಿಲ್ಲರ್ ಒಂದರ ಬಗ್ಗೆ ಅದೇ ಮಾತು ಕೇಳಿಬಂದದ್ದು ಅಪರೂಪ. ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ಮೆಮೆಂಟೊ’ ಅಂಥದ್ದೊಂದು ಚಿತ್ರ. 2000ದ ಸೆಪ್ಟೆಂಬರಿನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ಇದನ್ನು ಕೊಳ್ಳಲು ಅಮೆರಿಕದ ದೊಡ್ಡ ವಿತರಕರು ಮುಂದೆ ಬರಲಿಲ್ಲ. ಕಡೆಗೆ ಹಣ ಹೂಡಿದ್ದ ಸಂಸ್ಥೆಯೇ 2001ರ ಮಾರ್ಚ್‌ನಲ್ಲಿ ಬೆರಳೆಣಿಕೆಯ ಚಿತ್ರಮಂದಿರಗಳಲ್ಲಿ ಅದನ್ನು ಬಿಡುಗಡೆ ಮಾಡಿತು. ಸುಮಾರು 90 ಲಕ್ಷ ಡಾಲರ್ ವೆಚ್ಚದ ಚಿತ್ರ ಅಮೆರಿಕವೊಂದರಲ್ಲೇ ಎರಡೂವರೆ ಕೋಟಿ ಡಾಲರ್ ಗಳಿಸಿತು. ಅರ್ಥವಾಗದವರೇ ಎರಡನೆಯ ಸಲ ಟಿಕೆಟ್ ಕೊಂಡಿರಬೇಕು!

ಕಥೆ ಸರಳವಾದುದೇ. ಲೆನರ್ಡ್ ಎಂಬಾತ ವಿಮಾ ಕಂಪನಿಯ ತನಿಖಾಧಿಕಾರಿಯಾಗಿದ್ದವನು. ಮನೆಗೆ ನುಗ್ಗಿದವರು ಹೆಂಡತಿಯನ್ನು ಕೊಂದರೆಂದೂ ತನ್ನ ತಲೆಗೆ ಪೆಟ್ಟು ಬಿತ್ತೆಂದೂ ಆತ ನಂಬಿದ್ದಾನೆ. ಪೆಟ್ಟಿಗಿಂತ ಹಿಂದಿನದೆಲ್ಲ ನೆನಪಿದೆ. ಆಮೇಲಿನದು ಕೆಲವೇ ನಿಮಿಷಗಳಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಭೇಟಿಯಾದವರ ಪೋಲರಾಯ್ಡ್ ಚಿತ್ರ ತೆಗೆದು ಬೆನ್ನಿಗೆ ಟಿಪ್ಪಣಿ ಬರೆಯುತ್ತಾನೆ, ಮುಖ್ಯವಾದುದನ್ನು ಮೈಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಾನೆ, ಕೊಲೆಗಾರನನ್ನು ಹುಡುಕುತ್ತಾನೆ. ನೋಲನ್ ಮಾಡಿದ ಕಿತಾಪತಿ ಇದನ್ನು ಹೇಳಿದ ಕ್ರಮದಲ್ಲಿದೆ. ವರ್ಣದ ದೃಶ್ಯಗಳು ಕೊನೆಯಿಂದ ಮೊದಲಿಗೆ ಸರಿಯುತ್ತವೆ. ನಡುನಡುವಿನ ಕಪ್ಪು-ಬಿಳುಪು ದೃಶ್ಯಗಳು ಮೊದಲಿನಿಂದ ಮುಂದಕ್ಕೆ ಸಾಗುತ್ತವೆ. ಎರಡೂ ಚಿತ್ರದ ಕೊನೆಯಲ್ಲಿ ಸಂಧಿಸುತ್ತವೆ. ಪ್ರತಿ ದೃಶ್ಯ ಆರಂಭವಾದಾಗಲೂ ಇದಕ್ಕೆ ಮೊದಲು ಏನಾಯಿತೆಂದು ಲೆನರ್ಡ್‌ಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲ.

ಇದನ್ನು ನಾನು ನೋಡಿದ್ದು ಬಾಡಿಗೆಗೆ ತಂದ ಡಿವಿಡಿಯಲ್ಲಿ. ಹಿಂದಿರುಗಿಸಲು ಹೋದಾಗ, ಡಿಸ್ಕ್‌ನಲ್ಲಿ ದೃಶ್ಯಗಳು ಹಿಂದುಮುಂದಾಗಿವೆಯೆಂದು ಈಗಾಗಲೇ ಇಬ್ಬರು ಜಗಳ ತೆಗೆದು ಹೋಗಿದ್ದಾರೆಂದು ಅಂಗಡಿಯಾತ ನಿಟ್ಟುಸಿರಿಟ್ಟ. ನನಗೆ ಆ ಇಬ್ಬರ ಮೇಲೆ ಗೌರವವೇ ಮೂಡಿತು. ಚಿತ್ರದ ವಸ್ತುವೇ ಗೊಂದಲವಾಗಿರುವಾಗ, ಗೊಂದಲಗೊಂಡವರೇ ಅದನ್ನು ಸರಿಯಾಗಿ ನೋಡಿದವರಲ್ಲವೇ?

ಬಿಡಿಸಿದವರ ಕಥೆ ಬೇರೆ. ದೃಶ್ಯಗಳ ಪಟ್ಟಿ ಮಾಡಿ, ಅಂಕಿ ಹಾಕಿ, ಬಾಣದ ಗುರುತು ಎಳೆದು ವಾದಿಸಿದವರು ಪ್ರಪಂಚದಾದ್ಯಂತ ಇದ್ದರು. ಅವರೆಲ್ಲರೂ ಕೇಳಿದ ಒಂದು ಪ್ರಶ್ನೆ ಮಾತ್ರ ನಿಜಕ್ಕೂ ಚೂಪಾದುದು. ಹೊಸದಾಗಿ ಏನೂ ನೆನಪಿನಲ್ಲಿ ನಿಲ್ಲದಿದ್ದರೆ, ತನಗೆ ಮರೆವಿನ ಕಾಯಿಲೆಯಿದೆ ಎಂಬುದು ಲೆನರ್ಡ್‌ಗೆ ಹೇಗೆ ನೆನಪಿರುತ್ತದೆ? ಚಿತ್ರವನ್ನು ಒಂದೇ ಏಟಿಗೆ ಕೆಡವಿದೆವೆಂದು ಇದನ್ನು ಕೇಳಿದವರು ಬೀಗಿದ್ದುಂಟು.

ಅಭ್ಯಾಸದಿಂದ ಎಂಬುದು ಚಿತ್ರ ಕೊಡುವ ಉತ್ತರ, ಮತ್ತು ವೈದ್ಯವಿಜ್ಞಾನ ಆ ಉತ್ತರದ ಪರವಾಗಿದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಅಪಸ್ಮಾರ ನಿಲ್ಲಿಸಲೆಂದು ಮೆದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗ ಹೋಯಿತು. ಅದರೊಂದಿಗೆ ಹೊಸ ಘಟನೆಗಳನ್ನು ನೆನಪಿನಲ್ಲಿಡುವ ಶಕ್ತಿಯೂ ಹೋಯಿತು. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಆತನಿಂದ ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡಿಕೊಂಡು ನಕ್ಷತ್ರವೊಂದರ ಗೆರೆ ಎಳೆಸಿದರು. ದಿನದಿಂದ ದಿನಕ್ಕೆ ಆತನ ಕೈ ಪಳಗಿತು. ಆದರೆ ಈ ಕೆಲಸವನ್ನು ಹಿಂದೆ ಮಾಡಿದ ನೆನಪೇ ಆತನಿಗಿರಲಿಲ್ಲ. ಕೈಗೆ ಒಂದು ನೆನಪು, ಮನಸ್ಸಿಗೆ ಇನ್ನೊಂದು. ಲಂಡನ್ನಿನ ನರಮನೋವಿಜ್ಞಾನಿ ಸ್ಯಾಲಿ ಬ್ಯಾಕ್ಸೆಂಡೇಲ್ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಸಿನಿಮಾಗಳ ಮರೆವನ್ನು ಜಾಲಾಡಿದಾಗ ಬಹುತೇಕ ಚಿತ್ರಗಳು ಅನುತ್ತೀರ್ಣವಾದವು. ‘ಮೆಮೆಂಟೊ’ ಮೆಚ್ಚುಗೆ ಪಡೆದ ಕೆಲವೇ ಚಿತ್ರಗಳಲ್ಲೊಂದು. ತಲೆಗೆ ಒಂದು ಪೆಟ್ಟು ಬಿದ್ದರೆ ಮರೆವು, ಇನ್ನೊಂದು ಬಿದ್ದರೆ ನೆನಪು ಎಂಬ ಸಿನಿಮಾ ವೈದ್ಯದ ಮೇಲೆಯೇ ಬೆಳೆದ ನಮ್ಮ ತಲೆಮಾರಿಗೆ ಆ ಲೇಖನವನ್ನು ಕಡ್ಡಾಯ ಓದಾಗಿ ಇಡಬಹುದು.

ಅನಂತರ ಬಂದ ವಿಶೇಷ ಡಿವಿಡಿಯೊಂದರಲ್ಲಿ ಇಡೀ ಚಿತ್ರವನ್ನು ಕಾಲಾನುಕ್ರಮದಲ್ಲಿ ನೋಡುವ ಗುಪ್ತ ಅವಕಾಶವಿತ್ತು. ಹಾಗೆ ನೋಡಿದವರಲ್ಲಿ ಅನೇಕರಿಗೆ ನಿರಾಸೆಯಾಯಿತು, ನನಗೂ ಆಯಿತು. ಕಾರಣವನ್ನು ಯೋಚಿಸಿದಾಗ ಹೊಳೆದದ್ದಿಷ್ಟು. ಕ್ರಮವಾಗಿ ನೋಡಿದರೆ ಲೆನರ್ಡ್‌ಗೆ ಗೊತ್ತಿಲ್ಲದ್ದೆಲ್ಲ ನಮಗೆ ಗೊತ್ತಿರುತ್ತದೆ. ತನಗೆ ಒಲ್ಲದ ಸತ್ಯ ಕೇಳಿದ ಮೇಲೆ, ಅದು ಮರೆತುಹೋಗುವ ಮುನ್ನವೇ, ತನ್ನನ್ನು ತಾನೇ ವಂಚಿಸುವ ಟಿಪ್ಪಣಿಯನ್ನು ಆತ ಬರೆದಿಟ್ಟುಕೊಳ್ಳುವುದನ್ನು ನಾವು ಮೊದಲೇ ನೋಡಿಬಿಟ್ಟಿರುತ್ತೇವೆ. (ಚಿತ್ರ ಬಂದು ಕಾಲು ಶತಮಾನವಾಗಿದೆ, ಗುಟ್ಟು ಬಿಟ್ಟುಕೊಟ್ಟೆನೆಂದು ಯಾರೂ ದೂರಲಾರರು.) ಆಮೇಲೆ ಅವನು ದಾರಿ ತಪ್ಪುವ ಪ್ರತಿ ಸಲವೂ ನಾವು ಮೇಲೆ ಕುಳಿತು ನೋಡುತ್ತೇವೆ. ಉಳಿಯುವುದು ಕನಿಕರ, ಇಲ್ಲವೇ ತಾತ್ಸಾರ. ಹಿಮ್ಮುಖ ಕ್ರಮದಲ್ಲಿ ಆ ಮೇಲಿನ ಆಸನ ನಮಗೆ ಸಿಗುವುದೇ ಇಲ್ಲ. ಅವನ ಟಿಪ್ಪಣಿಗಳನ್ನು ಅವನಷ್ಟೇ ಕುರುಡಾಗಿ ನಾವೂ ನಂಬಿರುತ್ತೇವೆ.

‘ಮೆಮೆಂಟೊ’ದಿಂದ ಹಚ್ಚೆ, ಪೋಲರಾಯ್ಡ್, ಸೇಡುಗಳನ್ನು ಎತ್ತಿಕೊಂಡ ‘ಘಜಿನಿ’ ಬಿಟ್ಟದ್ದು ಇದನ್ನೇ. ಎ.ಆರ್. ಮುರುಗದಾಸ್ ಇದನ್ನು 2005ರಲ್ಲಿ ತಮಿಳಿನಲ್ಲಿ ಸೂರ್ಯ ಅವರನ್ನಿಟ್ಟುಕೊಂಡು, 2008ರ ಡಿಸೆಂಬರ್ 25ರಂದು ಹಿಂದಿಯಲ್ಲಿ ಆಮೀರ್ ಖಾನ್ ಅವರನ್ನಿಟ್ಟುಕೊಂಡು ತೆರೆಗೆ ತಂದರು. (ಮೊಲೈಸನ್ ತೀರಿಕೊಂಡದ್ದೂ ಅದೇ ಡಿಸೆಂಬರಿನಲ್ಲಿ; ಅಲ್ಲಿಯವರೆಗೆ ಜಗತ್ತಿಗೆ ಆತ ಎಚ್.ಎಂ. ಎಂಬ ಎರಡಕ್ಷರ ಮಾತ್ರ.) ಹಿಂದಿ ‘ಘಜಿನಿ’ ಭಾರತದಲ್ಲಿ ನಿವ್ವಳ 100 ಕೋಟಿ ರೂಪಾಯಿ ದಾಟಿದ ಮೊದಲ ಹಿಂದಿ ಚಿತ್ರವೆನಿಸಿತು. ಇಲ್ಲಿ ನಾಯಕನ ಡೈರಿಯನ್ನು ಬೇರೆಯವರು ಓದುತ್ತಾರೆ, ನಾವೂ ಅವರ ಹೆಗಲ ಮೇಲಿಂದ ಓದುತ್ತೇವೆ. ಅಸಿನ್ ಪಾತ್ರದ ಸಾವಿಗೆ ಚಿತ್ರಮಂದಿರ ಕಣ್ಣೀರಿಟ್ಟಿತು, ಹೊಡೆದಾಟಕ್ಕೆ ಶಿಳ್ಳೆ ಹಾಕಿತು. ಗೊಂದಲಗೊಂಡವರು ಯಾರೂ ಇಲ್ಲ. ಹದಿನೈದು ನಿಮಿಷಕ್ಕೊಮ್ಮೆ ಮರೆಯುವುದು ನಾಯಕನ ಕಷ್ಟವಾಯಿತೇ ಹೊರತು ನಮ್ಮದಾಗಲಿಲ್ಲ.

ಚಿತ್ರಮಂದಿರದ ಹೊರಗೆ ಪ್ರೇಕ್ಷಕರು ತೋರಿದ ಪ್ರತಿಕ್ರಿಯೆ ಇನ್ನೂ ವಿಚಿತ್ರ. ಮರೆಗುಳಿಗಳಿಗೆಲ್ಲ ‘ಘಜಿನಿ’ ಎಂಬ ಅಡ್ಡಹೆಸರು ಬಿತ್ತು. ಕಚೇರಿಯಲ್ಲಿ ಕೊಡೆ ಮರೆತವನು ಘಜಿನಿ, ಹಾಲು ಒಲೆಯ ಮೇಲಿಟ್ಟು ಮರೆತವಳು ಘಜಿನಿ. ಚಿತ್ರದಲ್ಲಿ ಮರೆವಿರುವುದು ಸಂಜಯ್ ಎಂಬ ನಾಯಕನಿಗೆ; ಘಜಿನಿ ಎಂಬುದು ಖಳನ ಹೆಸರು. ಮರೆವಿನ ಚಿತ್ರ ನೋಡಿ ಬಂದ ಲಕ್ಷಾಂತರ ಮಂದಿ ಯಾರಿಗೆ ಮರೆವೆಂಬುದನ್ನೇ ಮರೆತರು.

ನಮ್ಮ ಮನೆಯ ಹುಡುಗರು ಆ ಹೆಸರನ್ನು ನನ್ನ ಸೋದರತ್ತೆಗೆ ಅಂಟಿಸಿದ್ದರು. ಆಕೆಗೆ ಆಗ ಎಂಬತ್ತು ದಾಟಿತ್ತು. ಊಟ ಮಾಡಿ ಕೈ ತೊಳೆದು ಬರುವಷ್ಟರಲ್ಲಿ ಊಟವಾಯಿತೇ ಎಂದು ಕೇಳುತ್ತಿದ್ದರು. ಒಂದು ದಿನ ‘ಘಜಿನಿ ಅಜ್ಜಿ’ ಎಂದದ್ದು ಕಿವಿಗೆ ಬಿತ್ತು. ‘ಅವನು ಹದಿನೇಳು ಸಲ ದಂಡೆತ್ತಿ ಬಂದವನಲ್ಲವೇನೋ? ಮಿಡ್ಲ್ ಸ್ಕೂಲಿನಲ್ಲಿ ಓದಿದ್ದೇನೆ’ ಎಂದರು. ಹುಡುಗರು ಬೆಪ್ಪಾದರು. ಅವರಿಗೆ ಆ ಚರಿತ್ರೆ ಗೊತ್ತಿರಲಿಲ್ಲ.

ಅತ್ತೆ ದಿನಕ್ಕೆ ಹತ್ತಾರು ಸಲ ‘ಅಣ್ಣ ಬಂದನೇ?’ ಎಂದು ಕೇಳುತ್ತಿದ್ದರು. ಅವರ ಅಣ್ಣ, ಎಂದರೆ ನನ್ನ ತಂದೆ, ತೀರಿಕೊಂಡು ವರ್ಷಗಳಾಗಿದ್ದವು. ನೆಂಟರು ಯಾರಾದರೂ ನಿಜ ಹೇಳಿದರೆ, ಆಗತಾನೇ ಸುದ್ದಿ ಕೇಳಿದಂತೆ ಕುಸಿಯುತ್ತಿದ್ದರು; ಅರ್ಧ ಗಂಟೆಯ ಮೇಲೆ ಮತ್ತದೇ ಪ್ರಶ್ನೆ. ಅವರ ಸೊಸೆ ಮಾತ್ರ ಒಲೆಯ ಮುಂದಿನಿಂದ ಏಳದೆ ‘ಇನ್ನೂ ಬಂದಿಲ್ಲ ಅತ್ತೆ, ಸಂಜೆ ಬರಬಹುದು’ ಎನ್ನುತ್ತಿದ್ದರು. ಲೆನರ್ಡ್ ತನಗೆ ತಾನೇ ಬರೆದುಕೊಂಡ ಸುಳ್ಳಿಗೆ ಸಿಟ್ಟಾದ ಗೆಳೆಯರೊಡನೆ ವಾದಿಸುವಾಗಲೆಲ್ಲ ನನಗೆ ಆ ಸೊಸೆಯ ಧ್ವನಿ ಕೇಳಿಸುತ್ತದೆ. ಎರಡೂ ಸುಳ್ಳು ಒಂದೇ ಅಲ್ಲ, ನಿಜ. ಒಂದರಿಂದ ಕೊಲೆಯಾಯಿತು, ಇನ್ನೊಂದರಿಂದ ಒಬ್ಬ ಮುದುಕಿ ಮಧ್ಯಾಹ್ನ ನೆಮ್ಮದಿಯಾಗಿ ಮಲಗಿದರು. ಆದರೆ ನಿಜ ಹೇಳಿದ ನೆಂಟರೆಲ್ಲ ಕಾಲಾನುಕ್ರಮದ ಪ್ರೇಕ್ಷಕರು. ಆಕೆಯ ಪಕ್ಕದ ಆಸನದಲ್ಲಿ ಕುಳಿತು ನೋಡಿದ್ದು ಸೊಸೆಯೊಬ್ಬರೇ.

ಕನ್ನಡದಲ್ಲಿ ಅಂಥ ಆಸನವನ್ನು ನಮಗೆ ಒದಗಿಸಿದ್ದು ಹೇಮಂತ್ ಎಂ. ರಾವ್ ಅವರ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಪತ್ರಿಕೆಗಳ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಸವೆದ ಸಾಲೇ ಅದರ ಹೆಸರು. ಅಲ್ಜೈಮರ್ ಇರುವ ವೆಂಕೋಬರಾಯರಾಗಿ ಅನಂತ್ ನಾಗ್. ಕಳೆದುಹೋದ ತಂದೆಯನ್ನು ಹುಡುಕುವ ಮಗನಾಗಿ ರಕ್ಷಿತ್ ಶೆಟ್ಟಿ. ಕೊಲೆ, ಹೆಣ, ಭೂಗತ ಲೋಕದವರು ಎಲ್ಲ ಇದ್ದಾರೆ. ಆ ಭಾಗ ಸ್ವಲ್ಪ ಎಳೆದಂತಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಪಾತಕಿಗಳ ನಡುವೆ ವೆಂಕೋಬರಾಯರು ಗಾಬರಿಯಿಲ್ಲದೆ ಕುಳಿತಾಗ ನಾನಿದ್ದ ಚಿತ್ರಮಂದಿರದಲ್ಲಿ ಹಾಸ್ಯಕ್ಕೆ ಸಾಕಷ್ಟು ಅವಕಾಶವಿದ್ದರೂ ಯಾರೂ ಜೋರಾಗಿ ನಗಲಿಲ್ಲ. ಹೊರಬರುವಾಗ ಮೆಟ್ಟಿಲ ಮೇಲೆ ಕೊಲೆಗಾರನ ವಿಷಯ ಯಾರೂ ಎತ್ತಲಿಲ್ಲ. ನನ್ನ ಮುಂದಿದ್ದ ನಡುವಯಸ್ಸಿನವರೊಬ್ಬರು ಹೆಂಡತಿಯನ್ನು ಕೇಳುತ್ತಿದ್ದರು: ‘ಅಪ್ಪನ ಜೇಬಿನಲ್ಲಿ ನಮ್ಮ ವಿಳಾಸದ ಚೀಟಿ ಇದೆಯೋ, ಒಗೆಯಲು ಹಾಕುವಾಗ ತೆಗೆದುಬಿಟ್ಟೆಯೋ?’