ಅಗ್ಗದ ಒಡಹುಟ್ಟು ಯಾವುದು, ಹೇಳಿ ನೋಡೋಣ!

ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಬೆಲೆ ದಿಢೀರನೆ ಏರಿತು ಅನ್ನಿ. ಕೊಳ್ಳಲು ಬಂದವರ ಬಾಯಲ್ಲಿ ಯಾವ ಪದ ಬರುತ್ತದೆ? ಊಹಿಸಿ!

ದುಬಾರಿ? ಅದು ಪತ್ರಿಕೆಯ ತಲೆಬರಹದಲ್ಲಿ ಕಾಣುತ್ತದೆ. ‘ರೇಟು ಜಾಸ್ತಿ’ ಅನ್ನುವವರು ಎಲ್ಲೆಲ್ಲೂ ಇದ್ದಾರೆ, ಬಿಡಿ. ತುಟ್ಟಿ? ಹೌದು! ಆದರೆ ಈ ತುಟ್ಟಿಯ ಗತ್ತು ನೋಡಿ: ಸರ್ಕಾರಿ ನೌಕರರ ಸಂಬಳದ ಚೀಟಿಯಲ್ಲೇ ಕೂತಿದೆ. ತುಟ್ಟಿಭತ್ಯೆ! ‘ದುಬಾರಿ ಭತ್ಯೆ’ ಅಂತ ಯಾರಾದರೂ ಕೇಳಿದ್ದೀರಾ? ಅದೇ ಕ್ರಿಕೆಟ್ಟಿಗೆ ಬನ್ನಿ. ಬೌಲರ್ ರನ್ ಬಿಟ್ಟುಕೊಟ್ಟರೆ ಅದು ದುಬಾರಿ ಓವರ್. ತುಟ್ಟಿ ಓವರ್ ಅಲ್ಲವೇ ಅಲ್ಲ!

ಇಷ್ಟಕ್ಕೇ ಬೆರಗಾಗಬೇಡಿ. ಇದು ಚಿಕ್ಕಬಳ್ಳಾಪುರದ ಸೀಮೆ. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ಗೌರಿಬಿದನೂರು ದಾಟಿ ಸ್ವಲ್ಪ ಹೋದರೆ ಹಿಂದೂಪುರ! ಎಷ್ಟೋ ಮನೆಗಳಲ್ಲಿ ಒಂದೇ ಉಸಿರಿಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ. ತೆಲುಗಿನಲ್ಲಿ ಹೆಚ್ಚು ಬೆಲೆಗೆ ಏನನ್ನುತ್ತಾರೆ ಗೊತ್ತೇ?

ಪ್ರಿಯಂ!

ಹೌದು, ಅದೇ ಪ್ರಿಯ! ಪ್ರೀತಿಯೂ ಅದೇ, ಹೆಚ್ಚು ಬೆಲೆಯೂ ಅದೇ. ಇಂಗ್ಲಿಷಿನ ‘ಡಿಯರ್’ ಕೂಡ ಹೀಗೆಯೇ: ಕಾಗದದ ಮೊದಲ ಸಾಲಿನಲ್ಲಿ ಅಕ್ಕರೆ, ಅಂಗಡಿಯಲ್ಲಿ ಬೆಲೆ ಹೆಚ್ಚು. ಎಲ್ಲಿಯ ಇಂಗ್ಲೆಂಡು, ಎಲ್ಲಿಯ ಗೌರಿಬಿದನೂರು!

ಈಗ ಶಿಡ್ಲಘಟ್ಟಕ್ಕೆ ಬನ್ನಿ. ರೇಷ್ಮೆ ಗೂಡಿನ ಊರು. ಇಲ್ಲಿ ಉರ್ದುವೂ ಕಿವಿಗೆ ಬೀಳುತ್ತದೆ. ಅದರಲ್ಲಿ ಹೆಚ್ಚು ಬೆಲೆಯದ್ದು ‘ಮೆಹಂಗಾ’. ಈ ಪದದ ಒಡಹುಟ್ಟು ಕನ್ನಡದಲ್ಲಿದೆ. ನೀವು ದಿನವೂ ಆಡುವ ಪದ. ಯಾವುದು? ಒಂದು ಸುಳಿವು: ಅದರ ಅರ್ಥ ಪೂರಾ ಉಲ್ಟಾ!

ಅಗ್ಗ!

ನಂಬುತ್ತೀರಾ? ಸಂಸ್ಕೃತದಲ್ಲಿ ‘ಅರ್ಘ’ ಅಂದರೆ ಬೆಲೆ. ಮಹಾ ಸೇರಿದರೆ ಮಹಾರ್ಘ, ಅಂದರೆ ಭಾರೀ ಬೆಲೆಯದ್ದು. ಅದು ಪ್ರಾಕೃತದಲ್ಲಿ ‘ಮಹಗ್ಘ’ವಾಗಿ, ಸವೆದು ಸವೆದು ಮೆಹಂಗಾ ಆಯಿತು. ಇತ್ತ ಅರ್ಘ ಒಂಟಿಯಾಗಿ ಕನ್ನಡಕ್ಕೆ ಬಂದು ಅಗ್ಗವಾಯಿತು. ಬರೀ ಬೆಲೆ ಅನ್ನುವ ಪದ ಕಡಿಮೆ ಬೆಲೆಗೆ ಇಳಿದುಬಿಟ್ಟಿತು! ಇಂಗ್ಲಿಷಿನ ‘ಚೀಪ್’ ಕೂಡ ಇದೇ ದಾರಿ ಹಿಡಿದದ್ದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ವ್ಯಾಪಾರ ಅಂತ ಅರ್ಥ.

ತಾಳಿ, ಮೂರನೆಯ ಒಡಹುಟ್ಟು ಇನ್ನೂ ಬಾಕಿ ಇದೆ. ಬೆಲೆ ಕಟ್ಟಲಾಗದ ರತ್ನಕ್ಕೆ ನಾವು ಏನನ್ನುತ್ತೇವೆ?

ಅನರ್ಘ್ಯ! ಅದರ ಹೊಟ್ಟೆಯೊಳಗೂ ಅದೇ ಅರ್ಘ!