ಬಾಡಿಗೆಮನೆಗೆ ತಕ್ಕ ಹವಾಮಾನ ಮಾಪಕ

ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಹಿಡಿದು, ಅವಧಿ ತೀರುತ್ತಲೇ ಗಂಟುಮೂಟೆ ಕಟ್ಟಿ ಮತ್ತೊಂದು ಬಿಡಾರಕ್ಕೆ ಸಾಗುವುದು ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳ ಕನ್ನಡಿಗರಲ್ಲಿ ಅನೇಕರಿಗೆ ಹೊಸ ಅನುಭವವಲ್ಲ. ಅಮೆರಿಕದಲ್ಲಿ ನಿವೃತ್ತರಾದ ಕೆಲವರು ಮನೆಯನ್ನು ಮಾರಿ, ಅಡುಗೆಮನೆ, ಮಲಗುವ ಕೋಣೆಗಳಿರುವ ದೊಡ್ಡ ಮೋಟಾರು ಬಂಡಿಯನ್ನೇ ಮನೆಯಾಗಿಸಿಕೊಂಡು ವರ್ಷವಿಡೀ ಊರೂರು ತಿರುಗುವುದುಂಟು. ಅವರಲ್ಲಿ ಎಷ್ಟೋ ಮಂದಿ ತಮ್ಮೊಡನೆ ಒಂದು ಪುಟ್ಟ ಹವಾಮಾನ ಕೇಂದ್ರವನ್ನೂ ಒಯ್ಯುತ್ತಾರೆ. ಅದು ಗೋಡೆಗೆ ಮೊಳೆ ಹೊಡೆಯದೆ ನಿಲ್ಲಬೇಕು, ಐದು ನಿಮಿಷದಲ್ಲಿ ಬಿಚ್ಚುವಂತಿರಬೇಕು, ಹೊಸ ತಾಣದಲ್ಲಿ ಮತ್ತೆ ಸರಿಯಾದ ಲೆಕ್ಕ ಕೊಡಬೇಕು. ಬಂಡಿಯಿಲ್ಲದೆಯೂ ಬಿಡಾರ ಬದಲಿಸುತ್ತಿರುವ ನಮಗೆ ಬೇಕಾದುದೂ ಇಂಥದೇ ಉಪಕರಣ.

ಸರಕಾರದ ಹವಾಮಾನ ಇಲಾಖೆ ಇರುವಾಗ ಮನೆಯಲ್ಲೊಂದು ಮಾಪಕವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಭಾರತೀಯ ಹವಾಮಾನ ಇಲಾಖೆ 1875ರಿಂದ ಕೆಲಸ ಮಾಡುತ್ತಿದೆ. ಕೊಲಾಬಾದ ವೀಕ್ಷಣಾಲಯ ಅದಕ್ಕಿಂತಲೂ ಹಳೆಯದು. ಆದರೆ 2005ರ ಜುಲೈ 26ರ ಮಹಾಮಳೆಯ ದಿನ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ದಾಖಲಾದಾಗ, ಅದೇ ಮುಂಬಯಿಯ ಕೊಲಾಬಾದಲ್ಲಿ ದಾಖಲಾದದ್ದು ಸುಮಾರು 73 ಮಿಲಿಮೀಟರು ಮಾತ್ರ. ಒಂದೇ ನಗರದ ಎರಡು ತುದಿಗಳಿಗೆ ಇಷ್ಟು ವ್ಯತ್ಯಾಸವಿದ್ದ ಮೇಲೆ, ಆ ಎರಡರಿಂದಲೂ ಹತ್ತಾರು ಕಿಲೋಮೀಟರು ಒಳನಾಡಿನಲ್ಲಿ, ಖಾಡಿಯ ಆಚೆಗಿರುವ ಡೊಂಬಿವಲಿಯ ಕಥೆ ಬೇರೆಯಾಗಿರುವುದು ಸಹಜ. ಅದರಲ್ಲೂ ಎಂಐಡಿಸಿಯ ಸಿಮೆಂಟು ಛಾವಣಿಯ ಕೆಳಗೆ, ಕೊನೆಯ ಮಾಳಿಗೆಯಲ್ಲಿ ವಾಸಿಸುವವರ ಕೋಣೆಯ ಸೆಕೆಯನ್ನು ಯಾವ ಇಲಾಖೆಯೂ ಅಳೆಯುವುದಿಲ್ಲ. ನಮ್ಮ ದೇಹವಾದರೋ ಬದುಕುವುದು ಆ ಕೋಣೆಯಲ್ಲಿ.

ಸೆಕೆಯ ಲೆಕ್ಕ

ವಿಜಯಪುರ, ಕಲಬುರ್ಗಿಗಳ ಕಡೆಯಿಂದ ಬಂದವರು, "ನಮ್ಮೂರಿನಲ್ಲಿ 40 ಡಿಗ್ರಿ ಬಿಸಿಲು ಕಂಡವರು ನಾವು, ಇಲ್ಲಿಯ 33 ಯಾವ ಲೆಕ್ಕ?" ಎನ್ನುವುದನ್ನು ಸಂಘದ ಸಭೆಗಳಲ್ಲಿ ಕೇಳಿದ್ದೇವೆ. ಲೆಕ್ಕ ಮಾಡಿಯೇ ನೋಡೋಣ. ಉಷ್ಣಾಂಶ ಮತ್ತು ಗಾಳಿಯ ತೇವ ಎರಡನ್ನೂ ಕೂಡಿಸಿ ದೇಹಕ್ಕೆ ಭಾಸವಾಗುವ ತಾಪವನ್ನು ಕಂಡುಹಿಡಿಯುವ ಒಂದು ಸೂತ್ರ ಅಮೆರಿಕದ ಹವಾಮಾನ ಸೇವೆಯಲ್ಲಿ ಬಳಕೆಯಲ್ಲಿದೆ. ಅದರಂತೆ 40 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇಕಡಾ 20 ಆರ್ದ್ರತೆ ಇರುವ ಒಣ ಹವೆಯಲ್ಲಿ ಭಾಸವಾಗುವ ತಾಪ ಸುಮಾರು 39. ಆದರೆ 33 ಡಿಗ್ರಿ ಉಷ್ಣಾಂಶ, ಶೇಕಡಾ 65 ಆರ್ದ್ರತೆ ಇರುವ ಕೊಂಕಣದ ಹವೆಯಲ್ಲಿ ಅದು ಸುಮಾರು 41! ಕಾರಣ ಸರಳವಾದುದು. ಬೆವರು ಸುರಿಯುವುದರಿಂದ ದೇಹ ತಣಿಯುವುದಿಲ್ಲ, ಬೆವರು ಆರುವುದರಿಂದ ತಣಿಯುತ್ತದೆ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರು ಆರದೆ ಹರಿದುಹೋಗುತ್ತದೆ. ದೇಹದ ಉಪ್ಪು, ನೀರು ವ್ಯರ್ಥವಾಗಿ ಖರ್ಚಾಗುತ್ತವೆ.

ಇದು ಬರಿಯ ಗಣಿತವಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದ ಬಯಲಿನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ನೆರೆದ ಅಪಾರ ಜನಸಮೂಹದಲ್ಲಿ, ಗಂಟೆಗಟ್ಟಲೆ ನೆರಳಿಲ್ಲದೆ ಕುಳಿತವರ ಪೈಕಿ 14 ಮಂದಿ ಬಿಸಿಲಾಘಾತದಿಂದ ಅಸುನೀಗಿದರು. ಅಂದಿನ ಗರಿಷ್ಠ ಉಷ್ಣಾಂಶ ಸುಮಾರು 38 ಡಿಗ್ರಿ. ಬಯಲುಸೀಮೆಯವರ ಕಣ್ಣಿಗೆ ಅದು ಸಾಧಾರಣ ಬೇಸಗೆಯ ದಿನ. ಹವಾಮಾನ ಇಲಾಖೆಯು ಬಯಲುನಾಡಿನಲ್ಲಿ 40 ಡಿಗ್ರಿ ಮುಟ್ಟದೆ ಉಷ್ಣ ಅಲೆಯ ಮಾತೆತ್ತದಿದ್ದರೂ ಕರಾವಳಿಗೆ ಮಾತ್ರ 37 ಡಿಗ್ರಿಯನ್ನೇ ಗಡಿಯಾಗಿ ಇಟ್ಟುಕೊಂಡಿರುವುದು ಇಲ್ಲಿ ಗಮನಾರ್ಹ. ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಏರಿರಬೇಕೆಂಬ ನಿಯಮವೂ ಅದರ ಜೊತೆಗಿದೆ.

ಆದುದರಿಂದ ಕೊಳ್ಳುವ ಮೊದಲ ಉಪಕರಣ ಯಾವುದೆಂಬುದರಲ್ಲಿ ಸಂಶಯವಿಲ್ಲ: ಉಷ್ಣಾಂಶ, ಆರ್ದ್ರತೆ ಎರಡನ್ನೂ ತೋರಿಸುವ, ದಿನದ ಗರಿಷ್ಠ ಕನಿಷ್ಠಗಳನ್ನು ನೆನಪಿಟ್ಟುಕೊಳ್ಳುವ, ಸೆಲ್ಲಿನಿಂದ ನಡೆಯುವ ಸಣ್ಣ ಮಾಪಕ. ಸಾವಿರ ರೂಪಾಯಿಯೊಳಗೆ ದೊರೆಯುತ್ತದೆ. ಕೈಚೀಲದಲ್ಲಿ ಹೊಸ ಮನೆಗೆ ಸಾಗುತ್ತದೆ. ಕನಿಷ್ಠದ ನೆನಪು ಅನಾವಶ್ಯಕವೆಂದು ತಿಳಿಯಬಾರದು. ಹಗಲಿನ ತಾಪದಿಂದ ದೇಹ ಚೇತರಿಸಿಕೊಳ್ಳುವುದು ರಾತ್ರಿಯಲ್ಲಿ. ಬೆಳಗಿನ ಜಾವಕ್ಕೂ ಕೋಣೆ 31ರಿಂದ ಕೆಳಗಿಳಿಯದಿದ್ದರೆ ಮನೆಯ ವೃದ್ಧರು, ಹೃದ್ರೋಗಿಗಳು ಮಲಗುವ ಜಾಗವನ್ನು ಬದಲಿಸುವುದು ಒಳಿತು. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ಸೇವಿಸುವವರು ಬೇಸಗೆಗೆ ಮುನ್ನ ವೈದ್ಯರನ್ನು ಕಂಡು, ಎಷ್ಟು ನೀರು ಕುಡಿಯಬೇಕು, ಮಾತ್ರೆಯ ಪ್ರಮಾಣ ಹಾಗೆಯೇ ಇರಲೇ ಎಂದು ಕೇಳಿಕೊಳ್ಳಬೇಕು. ಕೋಣೆಯ ಉಷ್ಣಾಂಶ 40 ದಾಟಿದರೆ ಬೀಸಣಿಗೆಯ ಗಾಳಿಯೂ ಹಿತವಲ್ಲ. ಅದು ಬಿಸಿಯನ್ನೇ ಮೈಮೇಲೆ ಸುರಿಯುತ್ತದೆ. ಸೆಕೆಯಲ್ಲಿದ್ದವರು ಅಸಂಬದ್ಧವಾಗಿ ಮಾತಾಡತೊಡಗಿದರೆ, ಮೈ ಕಾದ ಹಂಚಿನಂತಿದ್ದರೆ, ಮಾಪಕವನ್ನು ನೋಡುತ್ತ ನಿಲ್ಲಬೇಡಿ. 108ಕ್ಕೆ ದೂರವಾಣಿ ಮಾಡಿ, ವಾಹನ ಬರುವವರೆಗೆ ಮೈಗೆ ತಣ್ಣೀರು ಸುರಿದು ಗಾಳಿ ಹಾಕುತ್ತಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಕೂಡದು.

ಉಪ್ಪಿನ ಭರಣಿಯ ಸಾಕ್ಷಿ

ಅಗ್ಗದ ಆರ್ದ್ರತಾಮಾಪಕಗಳು ಸುಳ್ಳು ಹೇಳುತ್ತವೆ ಎಂಬ ದೂರಿದೆ. ಶೇಕಡಾ ಐದರಷ್ಟು ಹೆಚ್ಚುಕಡಿಮೆ ತೋರಿಸುವುದು ಅವುಗಳ ಸ್ವಭಾವ. ಪರೀಕ್ಷಿಸುವ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುವುದನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಗಾಳಿಯ ಆರ್ದ್ರತೆ ಶೇಕಡಾ 75ನ್ನು ದಾಟಿತೆಂಬುದೇ ಅದರ ಅರ್ಥ. ಈ ಗುಣವನ್ನೇ ತಿರುಗಿಸಿ ಬಳಸಬಹುದು. ಸೀಸೆಯ ಮುಚ್ಚಳವೊಂದರಲ್ಲಿ ಅಡುಗೆಯ ಉಪ್ಪನ್ನು ತುಂಬಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಡಬ್ಬಿಯೊಳಗಿನ ಆರ್ದ್ರತೆ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 70 ತೋರಿಸಿದರೆ ಅದರ ಬೆನ್ನಿಗೆ 'ಐದು ಕೂಡಿಸಿ' ಎಂದು ಚೀಟಿ ಅಂಟಿಸಿದರಾಯಿತು. ಅಂಗಡಿಯಲ್ಲಿ ಹೆಚ್ಚು ಬೆಲೆ ಕೊಟ್ಟು ತಂದ ಉಪಕರಣಕ್ಕೂ ವರ್ಷಕ್ಕೊಮ್ಮೆ, ಮೃಗಶಿರಾ ಮಳೆ ಹಿಡಿಯುವ ಮುನ್ನ, ಈ ಪರೀಕ್ಷೆ ನಡೆಯಲಿ.

ತಂತಿಯ ತುದಿಯಲ್ಲಿ ಶೋಧಕವಿರುವ ಮಾಪಕಗಳಲ್ಲಿ ಒಂದು ಮೋಸವಿದೆ. ಕಿಟಕಿಯಾಚೆ ಇಳಿಬಿಡುವ ಆ ತುದಿ ಸಾಮಾನ್ಯವಾಗಿ ಹೊರಗಿನ ಉಷ್ಣಾಂಶವನ್ನಷ್ಟೇ ಹೇಳುತ್ತದೆ; ತೋರಿಕೆಯ ಆರ್ದ್ರತೆ ಒಳಗಿನದು. ಕೊಳ್ಳುವಾಗ ಕೇಳಿ ತಿಳಿಯಬೇಕು. ಪಾದರಸದ ಹಳೆಯ ಗಾಜಿನ ಕೊಳವೆಗಳನ್ನು ಮಕ್ಕಳಿರುವ ಮನೆಯಲ್ಲಿ ಇಡದಿರುವುದೇ ಲೇಸು.

ಇಟ್ಟ ಜಾಗ ಸರಿಯಿಲ್ಲದಿದ್ದರೆ ಎಂಥ ಮಾಪಕವೂ ವ್ಯರ್ಥ. ವೀಕ್ಷಣಾಲಯಗಳಲ್ಲಿ ಕಾಣುವ, ಬಿಳಿ ಬಣ್ಣದ ಪಟ್ಟಿಬಾಗಿಲಿನ ಪೆಟ್ಟಿಗೆಯನ್ನು ರೂಪಿಸಿದವರು ಸ್ಕಾಟ್ಲೆಂಡಿನ ಇಂಜಿನಿಯರ್ ಥಾಮಸ್ ಸ್ಟೀವನ್‌ಸನ್. ಪ್ರಸಿದ್ಧ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಇವರ ಮಗ. ನೇರ ಬಿಸಿಲು ತಾಗದೆ ಗಾಳಿ ಮಾತ್ರ ಆಡಬೇಕೆಂಬುದು ಆ ಪೆಟ್ಟಿಗೆಯ ತತ್ತ್ವ. ನಮ್ಮ ಬಾಲ್ಕನಿಯಲ್ಲಿ ಉತ್ತರ ದಿಕ್ಕಿನ ನೆರಳು, ನೆಲದಿಂದ ಎದೆಯೆತ್ತರ, ಹವಾನಿಯಂತ್ರಕದ ಹೊರಪೆಟ್ಟಿಗೆಯಿಂದ ದೂರ, ಇಷ್ಟು ಸಾಕು.

ಮಳೆಗಾಲದಲ್ಲಿ ಇದೇ ಮಾಪಕ ಉಬ್ಬಸದವರ ಮಿತ್ರ. ಹಾಸಿಗೆ ದಿಂಬುಗಳಲ್ಲಿ ವಾಸಿಸಿ ಉಬ್ಬಸ ಕೆರಳಿಸುವ ಧೂಳುಹುಳುಗಳು ಗಾಳಿಯ ತೇವವನ್ನೇ ಹೀರಿ ಬದುಕುವ ಪ್ರಾಣಿಗಳು. ಆರ್ದ್ರತೆ ಶೇಕಡಾ 50ರ ಕೆಳಗೆ ಬಹುಕಾಲ ಇದ್ದರೆ ಅವು ಬಾಳಲಾರವು. ಜುಲೈ ತಿಂಗಳ ಡೊಂಬಿವಲಿಯಲ್ಲಿ 50 ಎಂಬುದು ಯಂತ್ರದ ನೆರವಿಲ್ಲದೆ ಸಿಗದ ಮಾತು. ಆದರೂ 90ಕ್ಕೂ 70ಕ್ಕೂ ಅಂತರವಿದೆ, ಬೂಷ್ಟು ಹಿಡಿಯುವ ವೇಗದಲ್ಲಿ ಅದು ಕಾಣುತ್ತದೆ. ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಿದ ಮೇಲೆ ಅಂಕಿ ಎಷ್ಟು ಏರಿತೆಂದು ಒಮ್ಮೆ ಕಣ್ಣಾರೆ ಕಂಡ ಗೃಹಿಣಿ ಮತ್ತೆ ಅಲ್ಲಿ ಬಟ್ಟೆ ಹರವಲಾರಳು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಸರಿಸುವುದು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಅಡುಗೆಯ ಹಬೆಯನ್ನು ಹೊರದೂಡುವುದು, ಇವುಗಳ ಫಲವನ್ನೂ ಮಾಪಕವೇ ತೋರಿಸುತ್ತದೆ.

ಗಾಳಿ, ಮಳೆ, ವಾಯುಭಾರ

ಇನ್ನು ದೊಡ್ಡ ಕೇಂದ್ರಗಳ ವಿಚಾರ. ತಿರುಗುವ ಬಟ್ಟಲುಗಳ ಗಾಳಿಮಾಪಕ, ಮಳೆಮಾಪಕ, ವಾಯುಭಾರಮಾಪಕ ಎಲ್ಲ ಒಂದೇ ಕಂಬಕ್ಕೆ ಕೂಡಿಬರುವ ಸೊಗಸಾದ ಸಾಧನಗಳು ಪೇಟೆಯಲ್ಲಿವೆ. ಫ್ಲ್ಯಾಟುಗಳಲ್ಲಿ ವಾಸಿಸುವವರಿಗೆ ಇವು ಬಹುಮಟ್ಟಿಗೆ ಶೋಕಿ ಎಂದೇ ನನ್ನ ಅಭಿಪ್ರಾಯ. ಗಾಳಿಯನ್ನು ಅಳೆಯಬೇಕಾದದ್ದು ತೆರೆದ ಬಯಲಿನಲ್ಲಿ, 10 ಮೀಟರು ಎತ್ತರದಲ್ಲಿ. ಎರಡು ಕಟ್ಟಡಗಳ ಸಂದಿಯಲ್ಲಿ ಅಳೆದ ಗಾಳಿ ಆ ಸಂದಿಯ ಗಾಳಿಯೇ ಹೊರತು ಊರಿನದಲ್ಲ. ಮಳೆಮಾಪಕಕ್ಕೂ ಹತ್ತಿರದ ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಾದರೂ ತೆರವು ಬೇಕು. ಗಚ್ಚಿನ ಮೇಲೆ ಇಡೋಣವೆಂದರೆ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳ ಅನುಮತಿ ಬೇಕು, ಅದು ಮುಂಗಾರಿಗಿಂತ ಅನಿಶ್ಚಿತ! ಸಿಕ್ಕರೂ ಪಾರಿವಾಳಗಳ ಪುಕ್ಕ, ಕಾರ್ಖಾನೆಗಳ ಧೂಳು ಸೇರಿ ಮಾಪಕದ ಕೊಳವೆ ಕಟ್ಟಿಕೊಳ್ಳುತ್ತದೆ. ಮಳೆಯ ಆಸಕ್ತಿಯುಳ್ಳವರು ನೆಟ್ಟಗೆ ಗೋಡೆಯಿರುವ ಡಬ್ಬಿಯನ್ನು ಗಚ್ಚಿನ ಮಧ್ಯೆ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಅಳತೆಪಟ್ಟಿ ಇಳಿಸಿ ನೋಡಿದರೂ ಆದೀತು. ಇಲಾಖೆಯ ಮಳೆಯ ದಿನವೂ ಎಂಟೂವರೆಯಿಂದ ಎಂಟೂವರೆಗೇ. 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4ನ್ನು ಮೀರಿದರೆ ಅತ್ಯಂತ ಭಾರಿ.

ವಾಯುಭಾರಮಾಪಕದ ವಿಷಯದಲ್ಲಿ ಊರೂರು ತಿರುಗುವವರಿಗೆ ಒಂದು ಎಚ್ಚರ ಅಗತ್ಯ. ಸಮುದ್ರಮಟ್ಟದ ಸಮೀಪದಲ್ಲಿ ಎಂಟೊಂಬತ್ತು ಮೀಟರು ಏರಿದರೆ ಭಾರ ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಬೇಸಗೆಯ ರಜೆಗೆ ಅದನ್ನು ಬೆಂಗಳೂರಿಗೆ ಒಯ್ದರೆ ಏನೂ ಆಗದೆಯೇ ಸುಮಾರು ನೂರು ಹೆಕ್ಟೊಪಾಸ್ಕಲ್ ಕುಸಿದು, ಮಹಾ ಚಂಡಮಾರುತ ಬಂತೆಂದು ಸಾರುತ್ತದೆ. ಹೊಸ ಊರಿನ ಎತ್ತರವನ್ನು ಪ್ರತಿ ಸಲವೂ ತಿದ್ದಿಕೊಳ್ಳಬೇಕು. ನಮ್ಮ ಅಕ್ಷಾಂಶದಲ್ಲಿ ವಾಯುಭಾರವು ದಿನಕ್ಕೆರಡು ಬಾರಿ, ಹತ್ತು ಗಂಟೆಯ ಸುಮಾರಿಗೆ ಏರಿ ನಾಲ್ಕರ ಸುಮಾರಿಗೆ ಇಳಿಯುವುದು ನಿತ್ಯದ ಕ್ರಮ. 2020ರ ಜೂನ್ 3ರಂದು ಅಲಿಬಾಗ್ ಕರಾವಳಿಗೆ ಬಡಿದ ನಿಸರ್ಗ, 2021ರ ಮೇ 17ರಂದು ಮುಂಬಯಿಯ ಸಮೀಪದಿಂದ ಸಾಗಿದ ತೌಕ್ತೆ, ಇಂಥ ದಿನಗಳಲ್ಲಿ ಮಾತ್ರ ಅದು ಈ ಕ್ರಮ ಮುರಿದು ಕುಸಿಯುತ್ತದೆ. ಆ ದಿನಗಳಲ್ಲಾದರೋ ಇಲಾಖೆಯೇ ಮುನ್ನವೇ ಎಚ್ಚರಿಸಿರುತ್ತದೆ.

ಆದರೆ ಗಾಳಿಯ ವೇಗ ಬೇಡದಿದ್ದರೂ ದಿಕ್ಕು ಬೇಕು, ಅದೂ ಎಂಐಡಿಸಿಯಲ್ಲಿ ಇರುವವರಿಗೆ ಬಹಳ ಬೇಕು. 2014ರಲ್ಲಿ ಹಸಿರು ಬಣ್ಣದ ಮಳೆಹನಿ, 2020ರಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ ರಸ್ತೆ, 2016ರ ಮೇ 26 ಮತ್ತು 2024ರ ಮೇ 23ರಂದು ರಾಸಾಯನಿಕ ಕಾರ್ಖಾನೆಗಳಲ್ಲಿ ನಡೆದ ಪ್ರಾಣಹಾರಿ ಸ್ಫೋಟಗಳು, ಇವೆಲ್ಲ ನಮ್ಮ ಮಿಲಾಪ್ ನಗರ, ಸುದರ್ಶನ ನಗರಗಳ ನಿವಾಸಿಗಳು ಮರೆತಿರಲಾರದ ಸಂಗತಿಗಳು. ಮಧ್ಯಾಹ್ನ ಪಶ್ಚಿಮದಿಂದ ಕಡಲಗಾಳಿ ಬೀಸಿ ವಾಸನೆಯನ್ನು ಆಚೆಗೆ ಒಯ್ಯುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಕಡೆಯಿಂದ ಸಣ್ಣಗೆ ಗಾಳಿ ತಿರುಗಿ, ಮೇಲಿನ ಬೆಚ್ಚನೆಯ ಪದರ ಮುಚ್ಚಳದಂತೆ ಕೂತು, ಹೊಗೆಯೆಲ್ಲ ನೆಲಕ್ಕಂಟಿ ನಿಲ್ಲುತ್ತದೆ. ಬೆಳಗಿನ ವಾಯುವಿಹಾರಕ್ಕೆ ಹೊರಡುವ ಹಿರಿಯರು ಜನವರಿಯಲ್ಲಿ ಸೂರ್ಯ ಮೇಲೇರಿದ ಮೇಲೆಯೇ ಹೊರಡುವುದು ಕ್ಷೇಮ. ಬಾಲ್ಕನಿಯ ಸರಳಿಗೆ ಕಟ್ಟಿದ ಒಂದು ಮೊಳ ರೇಷ್ಮೆ ಪಟ್ಟಿ ಗಾಳಿಯ ದಿಕ್ಕನ್ನು ಒರಟಾಗಿಯಾದರೂ ಹೇಳುತ್ತದೆ, ಎದುರು ಕಾಣುವ ಹೊಗೆಕೊಳವೆಯ ಹೊಗೆ ಅದಕ್ಕಿಂತ ಚೆನ್ನಾಗಿ ಹೇಳುತ್ತದೆ. ಅನಿಲ ಸೋರಿಕೆಯಾದಾಗ ಗಾಳಿಗೆ ಅಡ್ಡಲಾಗಿ ಸರಿಯಬೇಕು, ಗಾಳಿಯೊಡನೆ ಓಡಬಾರದು. ಮನೆಯಲ್ಲೇ ಇರಿ ಎಂದು ಅಧಿಕಾರಿಗಳು ಸಾರಿದರೆ ಕಿಟಕಿಗಳನ್ನು ಮುಚ್ಚಿ, ಹವಾನಿಯಂತ್ರಕ, ಹೊರದೂಡುವ ಪಂಖಾಗಳನ್ನು ನಿಲ್ಲಿಸಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಬೇಕು.

ಗಾಳಿಯ ಸೂಕ್ಷ್ಮಕಣಗಳನ್ನು ಎಣಿಸುವ ಮಾಪಕಗಳೂ ಈಗ ಕೈಗೆಟಕುತ್ತವೆ. ಅತಿ ಸೂಕ್ಷ್ಮಕಣಗಳಿಗೆ ನಮ್ಮ ದೇಶದ 24 ಗಂಟೆಗಳ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಇಂಥ ಮಾಪಕ ಕೊಳ್ಳುವವರು ಎರಡು ಸಂಗತಿ ತಿಳಿದಿರಬೇಕು. ಆರ್ದ್ರತೆ ಹೆಚ್ಚಿದಾಗ ಕಣಗಳು ನೀರು ಕುಡಿದು ಉಬ್ಬುವುದರಿಂದ ಅಂಕಿ ಇದ್ದುದಕ್ಕಿಂತ ದೊಡ್ಡದಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಅವು ಕಣಗಳನ್ನು ಕಾಣುತ್ತವೆ, ರಾಸಾಯನಿಕ ಅನಿಲಗಳನ್ನು ಕಾಣುವುದಿಲ್ಲ. ಮೂಗಿಗೆ ಘಾಟು ಹೊಡೆಯುತ್ತಿರುವಾಗ ಮಾಪಕ ಹಸಿರು ದೀಪ ತೋರಿಸಿದರೆ ಮೂಗನ್ನೇ ನಂಬಿ.

ಅಮೆರಿಕದಿಂದ ಬರುವ ಮಕ್ಕಳು ಅಲ್ಲಿಯ ಹವಾಮಾನ ಕೇಂದ್ರವನ್ನು ಉಡುಗೊರೆಯಾಗಿ ತರುವುದಾದರೆ ಮೊದಲೇ ಪತ್ರ ಬರೆದು ತಡೆಯುವುದು ಮೇಲು. ಅಲ್ಲಿಯ ತಂತಿರಹಿತ ಸಾಧನಗಳಲ್ಲಿ ಹಲವು 915 ಮೆಗಾಹರ್ಟ್ಸ್ ಅಲೆಯಲ್ಲಿ ಮಾತಾಡುತ್ತವೆ. ಭಾರತದಲ್ಲಿ ಆ ಅಲೆಗೆ ಪರವಾನಗಿಯಿಲ್ಲದ ಬಳಕೆ ಇಲ್ಲ. ವಿದ್ಯುತ್ತೂ ಅಲ್ಲಿ 120 ವೋಲ್ಟು, ಇಲ್ಲಿ 230. ತರಲೇಬೇಕೆಂದಿದ್ದರೆ ಸೆಲ್ಲಿನಿಂದ ನಡೆಯುವ, ತಂತಿರಹಿತವಲ್ಲದ ಮಾಪಕ ತರಲಿ.

ಮಾಪಕದ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನೂ ತೂಗುಹಾಕಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಅಂಕಿಗಳ ಎದುರಿಗೆ ಯಾರಿಗೆ ಕೆಮ್ಮು ಬಂತು, ಯಾರಿಗೆ ನಿದ್ರೆ ಬರಲಿಲ್ಲ, ಯಾವ ದಿಕ್ಕಿನಿಂದ ಯಾವ ವಾಸನೆ ಬಂತು ಎಂಬುದನ್ನು ದಿನಾಂಕ, ವೇಳೆ ಸಹಿತ ಬರೆದಿಡಿ. ಮಗುವಿನ ಉಬ್ಬಸಕ್ಕೆ ವೈದ್ಯರನ್ನು ಕಾಣಲು ಹೋಗುವಾಗ ಆ ಪುಸ್ತಕವನ್ನು ಕೊಂಡೊಯ್ಯಬಹುದು. ಮಾಲಿನ್ಯ ನಿಯಂತ್ರಣ ಮಂಡಲಿಯ ಕಲ್ಯಾಣದ ಕಚೇರಿಗೆ ದೂರು ಬರೆಯುವಾಗ, 'ಬಹಳ ವಾಸನೆ' ಎಂಬುದರ ಬದಲು ತಾರೀಖು ಗಂಟೆಗಳ ಪಟ್ಟಿಯನ್ನೇ ಲಗತ್ತಿಸಬಹುದು.